ಸೂಜಿ ಹಾಕಿಸಿದ್ರಾ?

ಸೆಪ್ಟೆಂಬರ್ 7

ತಮ್ಮಾ,

ಕಾಗದ ಕಂಡ ಕೂಡಲೇ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಮಾತಿಗಿಂತ ಮೊದಲು ಅಳು ಬರುತ್ತದೆ, ನಿನಗೆ ಸಿಟ್ಟು ಬರುತ್ತದೆ. ಕಾಗದವೇ ವಾಸಿ.

ನೀನು ನಿಮ್ಮ ರಣಹದ್ದು ಉಳಿಸುವ ಸಂಘದವರಿಗೆ ಹೇಳಿ ಕೊಡಿಸಿದ ಕೆಲಸಕ್ಕೆ ಸೇರಿ ಇವತ್ತಿಗೆ ಒಂಬತ್ತು ದಿನ. ನೀನು ಬಂದಾಗ ಬರೀ ಬಯಲಾಗಿತ್ತಲ್ಲ, ಈಗ ಸುತ್ತ ತಂತಿ ಬೇಲಿ, ನಡುವೆ ಸಿಮೆಂಟಿನ ಕಟ್ಟೆ, ಒಂದು ನೀರಿನ ತೊಟ್ಟಿ. ಗೇಟಿನ ಪಕ್ಕ ನನ್ನ ಕೋಣೆ. ಮೂರು ಊರಲ್ಲಿ ದನ, ಎಮ್ಮೆ ಏನು ಸತ್ತರೂ ಹೂಳದೆ ಇಲ್ಲಿಗೇ ಕೊಡುತ್ತೇವೆಂದು ಜನ ಒಪ್ಪಿದ್ದಾರೆ. ಟ್ರ್ಯಾಕ್ಟರಿನವನು ಹೋಗಿ ತರುತ್ತಾನೆ. ಅವನಿಗೆ ಎಲ್ಲರೂ ಗೊಣಗ ಎನ್ನುತ್ತಾರೆ. ಒಂಬತ್ತು ದಿನಕ್ಕೇ ಯಾಕೆಂದು ಗೊತ್ತಾಯಿತು. ರಣಹದ್ದುಗಳಿಗೆ ಅವನು ಇಟ್ಟ ಹೆಸರು ನೆಂಟರು. "ನೆಂಟ್ರು ಬಂದ್ರಾ ಅಕ್ಕಾ? ಕೈ ತೊಳೀದೇ ಊಟಕ್ಕೆ ಕೂತ್ರಾ?" ಎಂದು ದಿನಾ ಕೇಳುತ್ತಾನೆ. ನನಗೆ ಮೊದಲು ವಾಸನೆಗೆ ತಲೆ ತಿರುಗುತ್ತಿತ್ತು, ಈಗ ಪರವಾಗಿಲ್ಲ. ಆದರೂ ಸೆರಗಿಗೆ ಅಂಟಿದೆಯೇನೋ ಎಂದು ಮನೆಗೆ ಹೋಗುವಾಗ ಮೂರು ಸಲ ಮೂಸಿಕೊಳ್ಳುತ್ತೇನೆ.

ನನ್ನ ಚಿಂತೆ ಬೇರೆ. ಪ್ರತಿ ದನಕ್ಕೂ ಒಂದು ಫಾರಂ ತುಂಬಬೇಕು. ಅದರಲ್ಲಿ ನಾಲ್ಕನೇ ಪ್ರಶ್ನೆ ಹೀಗಿದೆ, ನೋಡಿ ನೋಡಿ ಬರೆಯುತ್ತಿದ್ದೇನೆ: "ಮೃತ ಪ್ರಾಣಿಗೆ ಕಳೆದ ಹದಿನೈದು ದಿನಗಳ ಅವಧಿಯಲ್ಲಿ ಯಾವುದೇ ನೋವುನಿವಾರಕ ಔಷಧಿಯನ್ನು ಯಾವುದೇ ರೂಪದಲ್ಲಿ ನೀಡಲಾಗಿದೆಯೇ?" ಆ ಮದ್ದು ಇರುವ ಮಾಂಸ ತಿಂದರೆ ಹದ್ದು ಸಾಯುತ್ತದಂತೆ, ಆದ್ದರಿಂದ ಅದೇ ಎಲ್ಲಕ್ಕಿಂತ ಮುಖ್ಯ ಎಂದು ದನದ ಡಾಕ್ಟರಮ್ಮ ಬಂದು ಹೇಳಿ ಹೋದರು. ಮುಖ್ಯ ಎಂದರೆ ನನಗೆ ಎದೆ ಡವಡವ. ಓದಿ ಹೇಳುವಷ್ಟರಲ್ಲಿ ನಾನು ಎರಡು ಕಡೆ ಎಡವುತ್ತೇನೆ. ದನ ಕಳೆದುಕೊಂಡು ಬಂದವರು ಬಾಯಿ ಬಿಟ್ಟುಕೊಂಡು ನಿಂತಿರುತ್ತಾರೆ. ಮೊನ್ನೆ ಒಬ್ಬ, "ಏನಮ್ಮಾ, ಸತ್ತಿರೋದು ಎಮ್ಮೆ, ನೀನು ಮಂತ್ರ ಓದ್ತಿದ್ದೀಯಲ್ಲ" ಎಂದ. ಗೊಣಗ ಬಿದ್ದು ಬಿದ್ದು ನಕ್ಕ. ಐದನೇ ತರಗತಿಗೆ ಬಿಟ್ಟವಳನ್ನು ಇಂಥ ಕಡೆ ಕೂರಿಸಿದ್ದು ತಪ್ಪಾಯಿತೋ ಏನೋ. ನೀನು ಓದಿದವನು. ಇದನ್ನು ಹೇಗೆ ಕೇಳಬೇಕೆಂದು ಬೇಗ ಬರೆ. ಅಲ್ಲಿಯವರೆಗೆ ನಿದ್ದೆ ಬರುವುದಿಲ್ಲ.

ನಿನ್ನ ಅಕ್ಕ


ಸೆಪ್ಟೆಂಬರ್ 15

ಅಕ್ಕಾ,

ನಿನ್ನ ಕಾಗದ ಓದಿ ಕಚೇರಿಯಲ್ಲೇ ನಗು ಬಂತು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಅಷ್ಟುದ್ದ ಯಾರು ಓದುತ್ತಾರೆ? ಫಾರಂ ಇರುವುದು ಕಚೇರಿಗೆ, ಜನಕ್ಕಲ್ಲ. ದನಕ್ಕೆ ನೋವಿನ ಮದ್ದೆಂದರೆ ಸೂಜಿಯೇ. ಡಾಕ್ಟರು ಬಂದು ಹಾಕಿ ಹೋಗುತ್ತಾರೆ. ನೀನು "ಸೂಜಿ ಹಾಕಿಸಿದ್ರಾ?" ಎಂದು ಕೇಳು, ಸಾಕು. ಹೌದೆಂದರೆ ಗೊಣಗನಿಗೆ ಹೇಳಿ ಹೂಳಿಸು. ಇಲ್ಲವೆಂದರೆ "ಇಲ್ಲ" ಎಂದು ಬರೆದು ಒಳಗೆ ಬಿಡು. ಎರಡೇ ಮಾತು. ಎಮ್ಮೆಗೂ ಅರ್ಥವಾಗುತ್ತದೆ.

ಮರೆತುಹೋಗುತ್ತದೆ ಎಂದು ಹೆದರಿಕೆಯಾದರೆ ಈ ಕಾಗದವನ್ನೇ ಮೇಜಿನ ಗಾಜಿನ ಕೆಳಗೆ ಇಟ್ಟುಕೋ.

ಇಲ್ಲಿ ನಾನಿನ್ನೂ ತಾತ್ಕಾಲಿಕ. ಖಾಯಂ ಮಾಡುವವರ ಪಟ್ಟಿ ಬರುವ ವರ್ಷ ಬರುತ್ತದಂತೆ. ನಿಮ್ಮ ಹದ್ದಿನ ಅಂಗಳ ಚೆನ್ನಾಗಿ ನಡೆದರೆ ನನಗೂ ಒಳ್ಳೆಯದು, ಅದನ್ನು ಅಲ್ಲಿ ಮಾಡಬೇಕೆಂದು ಹೇಳಿದವನು ನಾನೇ ಅಲ್ಲವೇ. ಭಾವನಿಗೆ ನಮಸ್ಕಾರ ಹೇಳು.

ತಮ್ಮ


ಡಿಸೆಂಬರ್ 21

ತಮ್ಮಾ,

ನೀನು ಹೇಳಿದ್ದು ಎಷ್ಟು ಅನುಕೂಲವಾಯಿತೆಂದರೆ, ಈಗ ನಾನು ಕೇಳುವ ಮೊದಲೇ ಜನ "ಸೂಜಿ ಇಲ್ಲ ಕಣಕ್ಕಾ, ಬಾಗಿಲು ತೆಗಿ" ಎನ್ನುತ್ತಾರೆ. ಗೊಣಗ ಒಂದು ದಿನ ಜಗಲಿಯ ಮೇಲೆ ಸತ್ತಂತೆ ಮಲಗಿದ್ದ ನಿಮ್ಮ ಭಾವನನ್ನೂ "ಸೂಜಿ ಹಾಕಿಸಿದ್ರಾ?" ಎಂದು ಕೇಳಿದ. ಊರೆಲ್ಲ ಇದೇ ತಮಾಷೆ.

ಡಾಕ್ಟರಮ್ಮ ದುರ್ಬೀನು ಇಟ್ಟುಕೊಂಡು ಎಣಿಸಿದರು. ನಲವತ್ತಮೂರು! ಹೋದ ವರ್ಷ ಹದಿನಾಲ್ಕಿದ್ದವಂತೆ. ಕಲ್ಲುಗುಡ್ಡದ ಗೋಡೆಯಲ್ಲಿ ಆರು ಗೂಡು ಕಟ್ಟಿವೆ. ಊರಿನವರು ಸರದಿಯ ಮೇಲೆ ಹೋಗಿ ಗುಡ್ಡದ ಕೆಳಗೆ ಕಲ್ಲು ಒಡೆಯದ ಹಾಗೆ ಕಾಯುತ್ತಾರೆ. ಯಾರೂ ಹೇಳಿದ್ದಲ್ಲ, ಅವರೇ ಮಾಡಿಕೊಂಡದ್ದು. ಒಂದು ಕಾಲದಲ್ಲಿ ಹದ್ದು ಮನೆ ಮೇಲೆ ಕೂತರೆ ಕಲ್ಲು ಬೀಸುತ್ತಿದ್ದವರು ಇವರೇ. ಈಗ "ನಮ್ಮ ಗೂಡಿನದು ಮೊಟ್ಟೆ ಇಟ್ಟಿತು, ನಿಮ್ಮದು?" ಎಂದು ಅಂಗಡಿಯ ಮುಂದೆ ನಿಂತು ಜಗಳ.

ಎಲ್ಲ ಸರಿಯಿರುವಾಗಲೇ ನನಗೆ ಹೆಚ್ಚು ಹೆದರಿಕೆ. "ನೀನು ಚಿಂತೆ ಮಾಡದಿದ್ದರೆ ಪಾಪ ಆ ಚಿಂತೆ ಎಲ್ಲಿಗೆ ಹೋಗಬೇಕು" ಎನ್ನುತ್ತಾರೆ ನಿಮ್ಮ ಭಾವ.

ಹಾಲಜ್ಜಿ ನೆನಪಿದೆಯಾ? ಒಬ್ಬಳೇ ಎರಡು ಹಸು ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುವವಳು. ಮೊಣಕಾಲು ನೋವು, ಆದರೂ ಕೂರುವುದಿಲ್ಲ. ದಿನಾ ಗೇಟಿನ ಹತ್ತಿರ ನಿಂತು ನನ್ನ ಜೊತೆ ಒಂದು ಗಳಿಗೆ ಮಾತಾಡಿ ಹೋಗುತ್ತಾಳೆ. ನಿನ್ನನ್ನು ಕೇಳಿದಳು. "ನಿನ್ನ ತಮ್ಮ ಚಿಕ್ಕೋನಿದ್ದಾಗ ಹಾಲಿನ ಕೆನೆ ಬೆರಳಲ್ಲಿ ತೆಗೀತಿದ್ದ, ಈಗ ಯಾರ ಕೆನೆ ತೆಗೀತಿದ್ದಾನೆ?" ಎಂದಳು.

ಮೈ ಹುಷಾರು.

ಅಕ್ಕ


ಫೆಬ್ರವರಿ 11

ತಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಸುಧಾರಿಸಿಕೋ.

ನೆಂಟರು ಸಾಯುತ್ತಿದ್ದಾರೆ. ಶನಿವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಬೇಲಿಯ ಮೇಲೆ ಎರಡು ಕೂತಿದ್ದವು, ಕುತ್ತಿಗೆ ಕೆಳಗೆ ಜೋತು ಬಿಟ್ಟುಕೊಂಡು. ತೂಕಡಿಸುತ್ತಿವೆ ಎಂದುಕೊಂಡೆ. ಹತ್ತಿರ ಹೋದರೂ ಹಾರಲಿಲ್ಲ. ಕೂತಲ್ಲಿಂದ ಒಂದು ಹಾಗೇ ಹಿಂದಕ್ಕೆ ಬಿತ್ತು, ಮೂಟೆ ಬಿದ್ದ ಹಾಗೆ. ಭಾನುವಾರ ಐದು. ನಿನ್ನೆ ಗುಡ್ಡದ ಕೆಳಗೆ ಕಾಯುವವರು ನಾಲ್ಕು ತಂದರು. ಗೊಣಗ ಗೊಣಗುವುದನ್ನೇ ಬಿಟ್ಟಿದ್ದಾನೆ. ಸತ್ತ ಹದ್ದುಗಳನ್ನು ಸಾಲಾಗಿ ಚೀಲದ ಮೇಲೆ ಮಲಗಿಸಿ, ರೆಕ್ಕೆ ಮಡಚಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

ಡಾಕ್ಟರಮ್ಮ ಎರಡನ್ನು ಅಲ್ಲೇ ಕೊಯ್ದು ನೋಡಿದರು. ಮೂತ್ರಪಿಂಡದ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಅವರು ಕೈಗವಸು ತೆಗೆದು ನನ್ನ ಫಾರಮುಗಳ ಕಟ್ಟು ಕೇಳಿದರು. ಆ ವಾರ ಒಂದೇ ಒಂದು ಬಂದಿತ್ತು. ಹಾಲಜ್ಜಿಯ ಕಡಸು.

ಬುಧವಾರ ತಂದಿದ್ದೆವು. ಅಜ್ಜಿ ಟ್ರ್ಯಾಕ್ಟರಿನ ಹಿಂದೆ ಕುಂಟಿಕೊಂಡು ಗೇಟಿನವರೆಗೂ ಬಂದಿದ್ದಳು. "ಇದರ ಹಾಲು ಕುಡಿಯೋ ಯೋಗ ನನಗಿಲ್ಲ, ನಿನ್ನ ನೆಂಟ್ರಾದರೂ ಹೊಟ್ಟೆ ತುಂಬಿಸಿಕೊಳ್ಳಲಿ ಬಿಡು" ಎಂದು ಕಣ್ಣೊರೆಸಿಕೊಂಡಳು. ನಾನು ಕೇಳಿದೆ ತಮ್ಮಾ, ಮರೆಯಲಿಲ್ಲ, ಕೇಳಿಯೇ ಕೇಳಿದೆ. "ಸೂಜಿ ಹಾಕಿಸಿದ್ರಾ ಅಜ್ಜಿ?" "ಇಲ್ಲ ಕಣಮ್ಮ, ಒಂದೂ ಇಲ್ಲ." ಇಲ್ಲ ಎಂದು ಬರೆದೆ.

ಇದೆಲ್ಲ ಏನೆಂದು ನಿನಗೇನಾದರೂ ಗೊತ್ತಿದ್ದರೆ ಬೇಗ ಬರೆ. ಗೂಡುಗಳಲ್ಲಿ ಮರಿಗಳಿವೆ.

ಅಕ್ಕ


ಫೆಬ್ರವರಿ 19

ಅಕ್ಕಾ,

ಸುದ್ದಿ ಇಲ್ಲಿಗೂ ಬಂದಿದೆ. ಧೈರ್ಯವಾಗಿರು. ಯಾವುದೋ ಸೋಂಕು ಇರಬಹುದು, ನೀರಿನಿಂದಲೂ ಇರಬಹುದು. ತಪಾಸಣೆಯ ವರದಿ ಬರುವವರೆಗೆ ಯಾರ ಹತ್ತಿರವೂ ಏನೂ ಮಾತಾಡಬೇಡ. ಕೇಳಿದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡು. ನಿನಗೆ ಗಾಬರಿಯಾದರೆ ಬೇಡದ್ದೆಲ್ಲ ಹೇಳುವ ಅಭ್ಯಾಸವಿದೆ.

ಇನ್ನೊಂದು ವಿಷಯ. ಆ ಮೇಜು ಹಳೆಯದು, ಗೆದ್ದಲು ಹತ್ತಬಹುದು. ಗಾಜಿನ ಕೆಳಗೆ ಹಳೆಯ ಕಾಗದ ಏನಾದರೂ ಇದ್ದರೆ ತೆಗೆದು ಸುಟ್ಟುಬಿಡು.

ತಮ್ಮ


ಮಾರ್ಚ್ 6

ತಮ್ಮಾ,

ವರದಿ ಬಂತು. ಸೋಂಕಲ್ಲ, ನೀರೂ ಅಲ್ಲ. ನೋವಿನ ಮದ್ದು. ಒಟ್ಟು ಹದಿನೇಳು ಸತ್ತವು. ಗುಡ್ಡದಲ್ಲಿ ಇನ್ನೆಷ್ಟು ಸತ್ತು ಬಿದ್ದಿವೆಯೋ.

ಭಾನುವಾರ ಶಾಲೆಯಲ್ಲಿ ಸಭೆ ಸೇರಿಸಿದ್ದರು. ಐದನೇ ತರಗತಿಯ ಕೋಣೆ. ಮಕ್ಕಳ ಬೆಂಚುಗಳು, ಮೊಣಕಾಲು ಎದೆಗೆ ಬರುತ್ತವೆ. ಮೂರು ಊರಿನವರೂ ಬಂದಿದ್ದರು. ಡಾಕ್ಟರಮ್ಮ ಎಲ್ಲರ ಮುಂದೆ ನನ್ನನ್ನು ಎದ್ದು ನಿಲ್ಲಿಸಿ ಕೇಳಿದರು.

"ಕಡಸು ತಂದ ದಿನ ಗೇಟಿನಲ್ಲಿ ನೀವೇ ಇದ್ರಾ?"

"ಇದ್ದೆ."

"ನಾಲ್ಕನೇ ಪ್ರಶ್ನೆ ಕೇಳಿದ್ರಾ?"

"ಕೇಳಿದೆ."

"ಏನಂದ್ರು?"

"ಇಲ್ಲ ಅಂದ್ರು."

ನಾನು ಹೇಳಿದ ಒಂದೊಂದೂ ನಿಜ. ಮೂರೂ ಸೇರಿ ಸುಳ್ಳಾಯಿತು. ಯಾವ ಮಾತಿನಲ್ಲಿ ಕೇಳಿದೆ ಎಂದು ಅವರು ಕೇಳಲಿಲ್ಲ. ಊರಿನವರಿಗೆ ಸೂಜಿ ಎಂದರೂ ಮದ್ದು ಎಂದರೂ ಒಂದೇ, ಅವರಿಗೂ ಹೊಳೆಯಲಿಲ್ಲ. ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡು ಎಂದು ನೀನು ಬರೆದಿದ್ದೆ. ಕೊಟ್ಟೆ.

ಅಷ್ಟು ಸಾಕಾಯಿತು. "ಅಂದ್ರೆ ಅಜ್ಜಿ ಸುಳ್ಳು ಹೇಳಿದ್ಲು" ಎಂದು ಹಿಂದಿನ ಬೆಂಚಿನವನು ಎದ್ದ. ಹಾಲಜ್ಜಿ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು, ಬೆಂಚಿನ ಮೇಲೆ ಕೂತರೆ ಅವಳಿಗೆ ಏಳಲಾಗುವುದಿಲ್ಲ. "ನಾನು ಯಾಕಪ್ಪಾ ಸುಳ್ಳು ಹೇಳಲಿ?" ಎಂದಳು. "ಹೂಳೋಕೆ ಆಳು ಸಿಗಲಿಲ್ಲ, ಅದಕ್ಕೆ" ಎಂದ ಇನ್ನೊಬ್ಬ. ಒಬ್ಬೊಬ್ಬರದೂ ಒಂದೊಂದು ಮಾತು. ಗೂಡು ಕಾಯಲು ಹೋಗುತ್ತಿದ್ದ ಹೆಂಗಸೊಬ್ಬಳು, ಎರಡು ತಿಂಗಳು ಒಂದು ಮೊಟ್ಟೆಯನ್ನು ಕಾದವಳು, ಅತ್ತುಬಿಟ್ಟಳು. ಅವಳ ಅಳು ನೋಡಿದ ಮೇಲೆ ಯಾರೂ ಅಜ್ಜಿಯ ಮಾತು ಕೇಳಲಿಲ್ಲ.

ಸಭೆ ಮುಗಿದ ಮೇಲೆ ನಾನು ಅವಳ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಬೋಗುಣಿ ತೊಳೆಯುತ್ತಿದ್ದಳು. ಏನಾದರೂ ಕೊಟ್ಟಿದ್ದಾ ಅಜ್ಜಿ, ಏನಾದರೂ, ಎಂದು ಕೇಳಿದೆ. ಬೋಗುಣಿ ಕೆಳಗಿಟ್ಟಳು.

"ಕಾಲು ನೆಲಕ್ಕೆ ಊರೋಕಾಗದೆ ಒದ್ದಾಡ್ತಿತ್ತು ಕಣಮ್ಮ. ನೋಡೋಕಾಗಲಿಲ್ಲ. ನನ್ನ ಮೊಣಕಾಲಿನ ಗುಳಿಗೆ ಇತ್ತಲ್ಲ, ಪೂರಾ ಹಾಳೆ, ಹತ್ತು. ಕುಟ್ಟಿ ತೌಡಲ್ಲಿ ಕಲಸಿ ಎರಡು ದಿನ ತಿನ್ನಿಸಿದೆ. ನಾನು ಹಂಗೇ ಮಲಗಿದೆ, ಗುಳಿಗೆ ಇಲ್ಲದೆ."

"ಅವತ್ತು ಹೇಳಲಿಲ್ಲವಲ್ಲ ಅಜ್ಜಿ?"

ಅವಳು ನನ್ನ ಮುಖ ನೋಡಿದಳು. "ನೀನು ಸೂಜಿ ಅಂತ ಅಲ್ವಾ ಕೇಳಿದ್ದು?"

ತಮ್ಮಾ, ನಿನ್ನ ಕಾಗದ ಸುಟ್ಟಿಲ್ಲ. ಗಾಜಿನ ಕೆಳಗಿಂದ ತೆಗೆದು ಮನೆಗೆ ತಂದಿದ್ದೇನೆ. ಗೆದ್ದಲೂ ಹತ್ತಿಲ್ಲ. ಅದನ್ನು ಡಾಕ್ಟರಮ್ಮನಿಗೆ ತೋರಿಸಿದರೆ ಅಜ್ಜಿಯ ಹೆಸರು ಉಳಿಯುತ್ತದೆ, ನಿನ್ನ ಪಟ್ಟಿ ಹೋಗುತ್ತದೆ. ಏನು ಮಾಡಲಿ? ನೀನೇ ಹೇಳು. ಕೇಳಿದವಳು ನಾನು, ತಪ್ಪೆಲ್ಲ ನನ್ನದೇ ಎಂದು ಹೇಳಲೇ ಎಂದರೆ, ಯಾಕೆ ಹಾಗೆ ಕೇಳಿದೆ ಎಂದು ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಸುಮ್ಮನಿರಲು ಮಾತ್ರ ಬರುತ್ತದೆ.

ಅಕ್ಕ


ಏಪ್ರಿಲ್ 2

ತಮ್ಮಾ,

ತಿಂಗಳಾಗುತ್ತ ಬಂತು, ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ.

ಹಾಲಜ್ಜಿಯ ಹಾಲು ಯಾರೂ ತೆಗೆದುಕೊಳ್ಳುತ್ತಿಲ್ಲ. "ಹದ್ದಿಗೇ ವಿಷ ಹಾಕಿದೋಳು ನಮ್ಮ ಮಕ್ಕಳ ಹಾಲಿಗೆ ಏನು ಹಾಕ್ತಾಳೋ" ಎನ್ನುತ್ತಾರೆ. ಅವಳು ದಿನಾ ಕ್ಯಾನು ಹಿಡಿದುಕೊಂಡು ಹೊರಡುತ್ತಾಳೆ, ಬಾಗಿಲುಗಳ ಮುಂದೆ ನಿಲ್ಲುತ್ತಾಳೆ, ಹಾಗೇ ವಾಪಸ್ಸು ಬರುತ್ತಾಳೆ. ನಾನೊಬ್ಬಳು ತೆಗೆದುಕೊಳ್ಳುತ್ತೇನೆ. ಅದೂ ಯಾಕೆ ತೆಗೆದುಕೊಳ್ಳುತ್ತಿದ್ದೇನೆಂದು ನನಗೇ ಗೊತ್ತು.

ಮೊನ್ನೆ ಸಂಘದಿಂದ ಇಬ್ಬರು ಬಂದಿದ್ದರು. ತಪ್ಪು ಯಾರದೆಂದು ಬರಹದಲ್ಲಿ ತೀರ್ಮಾನವಾಗದಿದ್ದರೆ ಅಂಗಳ ಮುಚ್ಚಬೇಕಾಗುತ್ತದಂತೆ. ವ್ಯವಸ್ಥೆಯಲ್ಲಿ ತಪ್ಪಿಲ್ಲ, ದನದವರು ಮುಚ್ಚಿಟ್ಟರು ಎಂದು ಬಂದರೆ ಉಳಿಯುತ್ತದಂತೆ. ಅವರು ಅಜ್ಜಿಗೆ ಬಹಳ ಮೃದುವಾಗಿ ಹೇಳಿದರು: "ಮದ್ದು ಕೊಟ್ಟಿದ್ದನ್ನ ಮುಚ್ಚಿಟ್ಟೆ ಅಂತ ಒಂದು ಹೆಬ್ಬೆಟ್ಟು ಒತ್ತಿಬಿಡಿ, ಎಲ್ಲ ಇಲ್ಲಿಗೆ ಮುಗೀತದೆ. ದಂಡ ಇಲ್ಲ, ಪೊಲೀಸ್ ಇಲ್ಲ. ಜನ ಮತ್ತೆ ಹಾಲು ತಗೊಳ್ತಾರೆ. ಹಕ್ಕಿಗಳೂ ಉಳೀತವೆ."

ಅವಳು ನನ್ನ ಕಡೆ ತಿರುಗಿದಳು. "ನೀನೇನು ಕೇಳಿದೆ ಅವತ್ತು? ನೀನು ಮದ್ದು ಅಂತ ಕೇಳಿದೆ ಅಂತಾರೆ ಎಲ್ಲರೂ. ನನಗೆ ಸೂಜಿ ಅಂದ ಹಂಗೆ ನೆನಪು. ವಯಸ್ಸಾಯಿತು. ನೀನೇ ಹೇಳು, ನೀನು ಹೇಳಿದ್ದೇ ಸರಿ."

ಮುಂದಿನದು ಬರೆಯಲು ಎರಡು ದಿನ ಬೇಕಾಯಿತು. ನಾನು ಏನೂ ಹೇಳಲಿಲ್ಲ. ಶಾಯಿಯ ಡಬ್ಬಿ ಮುಚ್ಚಳ ಬಿಗಿದುಕೊಂಡಿತ್ತು. "ಸ್ವಲ್ಪ ತೆಗೆದುಕೊಡಿ" ಎಂದರು. ತೆಗೆದುಕೊಟ್ಟೆ. ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಅವಳಿಗೆ ತಿಳಿಯಲಿಲ್ಲ. ಮಣಿಕಟ್ಟು ಹಿಡಿದುಕೊಂಡವಳೂ ನಾನೇ.

ಅಕ್ಕ


ಏಪ್ರಿಲ್ 12

ಅಕ್ಕಾ,

ಕೆಲಸ ವಿಪರೀತ, ಬರೆಯಲಾಗಲಿಲ್ಲ. ಅಜ್ಜಿಯ ಹೇಳಿಕೆ ಕಚೇರಿಗೆ ಬಂದಿದೆ. ಅಂಗಳ ಉಳಿಯುತ್ತದೆ, ಅದಕ್ಕಿಂತ ಇನ್ನೇನು ಬೇಕು? ಅವಳೇ ಒಪ್ಪಿಕೊಂಡ ಮೇಲೆ ಈ ವಿಷಯ ಮುಗಿಯಿತು. ನೀನು ಕೆದಕಿದರೆ ಅಂಗಳವನ್ನು ನೀನೇ ಮುಚ್ಚಿಸಿದ ಹಾಗಾಗುತ್ತದೆ. ಉಳಿದಿರುವ ಹದ್ದುಗಳ ಬಗ್ಗೆಯಾದರೂ ಯೋಚಿಸು.

ಪಟ್ಟಿ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ದಯವಿಟ್ಟು.

ತಮ್ಮ


ಏಪ್ರಿಲ್ 20

ತಮ್ಮಾ,

ಹದ್ದುಗಳ ಬಗ್ಗೆ ಯೋಚಿಸು ಎಂದೆಯಲ್ಲ, ಯೋಚಿಸಿದೆ. ಆರು ಗೂಡಿನಲ್ಲಿ ಮೂರರ ಮರಿಗಳು ಸತ್ತವು. ಅಪ್ಪ ಇಲ್ಲ, ಅಮ್ಮ ಇಲ್ಲ, ಗುಡ್ಡದ ಅಂಚಿನಲ್ಲಿ ಕೂತು ಬಾಯಿ ತೆರೆದು ತೆರೆದು ಕೊನೆಗೆ ಬಾಯಿ ಮುಚ್ಚಿದವು. ಕಾಯುವವರು ಕೆಳಗೆ ನಿಂತು ನೋಡಬೇಕಾಯಿತು. ಅಷ್ಟೆತ್ತರಕ್ಕೆ ಯಾರ ಕೈಯೂ ಎಟುಕುವುದಿಲ್ಲ.

ನಾನೀಗ ಗೇಟಿನಲ್ಲಿ ಹೇಗೆ ಕೇಳುತ್ತೇನೆ ಗೊತ್ತೇ? ಸೂಜಿ ಹಾಕಿಸಿದ್ರಾ, ಗುಳಿಗೆ ಕೊಟ್ರಾ, ನಿಮ್ಮ ಗುಳಿಗೆ ಕೊಟ್ರಾ, ಪಕ್ಕದ ಮನೆಯವರ ಗುಳಿಗೆ ಕೊಟ್ರಾ, ನೀರಲ್ಲಿ, ತೌಡಲ್ಲಿ, ಹಿಂಡಿಯಲ್ಲಿ, ಮೈಗೆ ಮುಲಾಮು ಹಚ್ಚಿದ್ರಾ, ಯಾರೋ ಬೇರೆಯವರು ಕೊಟ್ಟಿದ್ದು ನೋಡಿದ್ರಾ. ನಿನ್ನೆ ಒಬ್ಬ, "ಅಕ್ಕಾ, ಇಷ್ಟು ಪ್ರಶ್ನೆ ಅದು ಬದುಕಿದ್ದಾಗ ಯಾರಾದರೂ ಕೇಳಿದ್ರೆ ಸಾಯ್ತಾನೇ ಇರಲಿಲ್ಲ" ಎಂದ. ಎಲ್ಲರೂ ನಕ್ಕರು. ಇದೇ ಎಂಟು ದಿನದಲ್ಲಿ ಇಬ್ಬರು "ಗುಳಿಗೆ ಕೊಟ್ಟಿದ್ದೆ" ಎಂದರು. ಇಬ್ಬರ ದನವನ್ನೂ ಹೂಳಿಸಿದೆ. ಅಷ್ಟು ಸುಲಭವಿತ್ತು ತಮ್ಮಾ. ಕೇಳಿದ್ದರೆ ಹೇಳುತ್ತಿದ್ದಳು.

ಫಾರಂ ಸರಿಯಾಗಿತ್ತು. ಅದರಲ್ಲಿ "ಯಾವುದೇ ರೂಪದಲ್ಲಿ" ಎಂದು ಬರೆದಿತ್ತು. ಈಗ ಆ ಎರಡು ಪದವನ್ನು ದಿನಾ ಓದುತ್ತೇನೆ. ಅರ್ಥವಾಗುತ್ತದೆ.

ನಿನ್ನ ಸೆಪ್ಟೆಂಬರಿನ ಕಾಗದ ನಾನೇ ಯಾರಿಗೂ ಕೊಡುವುದಿಲ್ಲ. ನೀನು ಬರೆ. ನಿನ್ನ ಕೈಯಿಂದ ಬರಲಿ. ಅಪ್ಪ ತೀರಿಕೊಂಡ ಮೇಲೆ ನಾನು ನಿನ್ನನ್ನು ಇದುವರೆಗೆ ಏನೂ ಕೇಳಿಲ್ಲ, ಇದೊಂದನ್ನು ಕೇಳುತ್ತಿದ್ದೇನೆ.

ಅಕ್ಕ


ಮೇ 28

ಅಕ್ಕಾ,

ನಿನ್ನೆ ಪಟ್ಟಿ ಬಂತು. ನನ್ನ ಹೆಸರಿದೆ.

ಈಗ ಬರೆಯುತ್ತಿದ್ದೇನೆ. ಈಗ ಮಾತ್ರ ಬರೆಯುತ್ತಿದ್ದೇನೆ ಎಂಬುದು ನನಗೂ ಗೊತ್ತು, ಅದನ್ನು ನೀನು ಹೇಳಬೇಕಾಗಿಲ್ಲ.

ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ನಾಲ್ಕನೇ ಪ್ರಶ್ನೆಯನ್ನು ಓದಬೇಡ, ಸೂಜಿ ಎಂದಷ್ಟೇ ಕೇಳು ಎಂದು ಗೇಟಿನವರಿಗೆ ಹೇಳಿಕೊಟ್ಟವನು ನಾನು. ಅಜ್ಜಿ ಕೇಳಿದ ಪ್ರಶ್ನೆಗೆ ನಿಜವನ್ನೇ ಹೇಳಿದ್ದಾರೆ. ಅವರ ಹೇಳಿಕೆಯನ್ನು ರದ್ದು ಮಾಡಬೇಕು ಎಂದು ಬರೆದು ಸಹಿ ಮಾಡಿದ್ದೇನೆ. ಡಾಕ್ಟರಮ್ಮನಿಗೂ ಒಂದು ಪ್ರತಿ ಕಳಿಸಿದ್ದೇನೆ. ನೀನು ಸಭೆಯಲ್ಲಿ ಓದಿಸಬಹುದು.

ಫೆಬ್ರವರಿಯಲ್ಲಿ ನಿನ್ನ ಕಾಗದ ಬಂದ ದಿನವೇ ನನಗೆ ಗೊತ್ತಾಗಿತ್ತು. "ಸೂಜಿ" ಎಂದು ಓದಿದ ಕ್ಷಣವೇ.

ಹಾಲಜ್ಜಿಗೆ ನಾನು ಕ್ಷಮೆ ಕೇಳಿದೆನೆಂದು ತಿಳಿಸು. ನಿನ್ನಲ್ಲಿಯೂ ಕೇಳುತ್ತಿದ್ದೇನೆ.

ತಮ್ಮ


ಜೂನ್ 9

ತಮ್ಮಾ,

ನಿನ್ನ ಹಾಳೆ ತಲುಪಿತು. ಏನೇನಾಯಿತು ಎಂದು ಬರೆಯುತ್ತೇನೆ.

ಮೊದಲು ಹಾಲಜ್ಜಿಯ ಮನೆಗೆ ತೆಗೆದುಕೊಂಡು ಹೋದೆ. ಹಸುಗಳಿಲ್ಲ, ಹೋದ ತಿಂಗಳು ಕೊಟ್ಟುಬಿಟ್ಟಳು. ಕೊಟ್ಟಿಗೆ ಗುಡಿಸಿ ಒಣಗಿದೆ. ಅಲ್ಲೇ ಗೂಟಕ್ಕೆ ಒರಗಿ ಕೂತಿದ್ದಳು. ಕೈಯಲ್ಲಿ ಕಾಗದ ಕಂಡಿದ್ದೇ ಎರಡೂ ಕೈ ಸೆರಗಿನೊಳಗೆ ಹಾಕಿಕೊಂಡಳು. "ಇನ್ನೊಂದು ಹೆಬ್ಬೆಟ್ಟು ಬೇಕಾ?" ಎಂದಳು. ಇಲ್ಲ ಅಜ್ಜಿ ಎಂದು ಪಕ್ಕದಲ್ಲಿ ಕೂತು, ಪೂರ್ತಿ ಓದಿ ಹೇಳಿದೆ. ನಾನು ಸೂಜಿ ಎಂದೇ ಕೇಳಿದ್ದೆ, ನಿನ್ನ ನೆನಪು ಸರಿಯಿತ್ತು, ನನಗೆ ಮೊದಲಿಂದಲೂ ಗೊತ್ತಿತ್ತು ಎಂದೂ ಹೇಳಿದೆ. ಕಾಲು ಹಿಡಿದುಕೊಂಡೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈ ಬಿಡಿಸಿ, "ಇದನ್ನ ಊರ ಮುಂದೆ ಓದಬೇಡ ಕಣಮ್ಮ" ಎಂದಳು.

"ಯಾಕಜ್ಜಿ? ನೀನು ಸುಳ್ಳು ಹೇಳಿಲ್ಲ ಅಂತ ಗೊತ್ತಾಗಬೇಡವಾ?"

"ಆವಾಗ ಸುಳ್ಳು ಹೇಳದೇ ಸುಳ್ಳಿ ಆದೆ. ಆಮೇಲೆ ಸುಳ್ಳು ಹೇಳಿದೆ ಅಂತ ಹೆಬ್ಬೆಟ್ಟು ಒತ್ತಿದೆ. ಈಗ ನೀನು ಇದನ್ನ ಓದಿದ್ರೆ ಆ ಹೆಬ್ಬೆಟ್ಟು ಸುಳ್ಳಾಗ್ತದೆ. ಆವಾಗ ನಾನು ನಿಜವಾಗ್ಲೂ ಸುಳ್ಳಿ. ಒಂದ್ಸಲ ಸಾಕು ಬಿಡು."

ಅವಳ ಮಾತು ಮೀರಿ ಭಾನುವಾರ ಓದಿದೆ. ಓದದಿದ್ದರೆ ನಾನು ಬದುಕಲು ಆಗುತ್ತಿರಲಿಲ್ಲ. ಅವಳಿಗಾಗಿ ಓದಿದೆ ಎಂದು ಸುಳ್ಳು ಹೇಳುವುದಿಲ್ಲ. ಅದೇ ಕೋಣೆ, ಅದೇ ಬೆಂಚು. ಈ ಸಲ ಹನ್ನೊಂದು ಜನ ಬಂದಿದ್ದರು. ನಿನ್ನ ಹಾಳೆಯನ್ನು ಎಲ್ಲಿಯೂ ಎಡವದೆ ಓದಿದೆ. ನಾನು ಸುಮ್ಮನಿದ್ದದ್ದನ್ನೂ, ಶಾಯಿ ಡಬ್ಬಿ ತೆಗೆದುಕೊಟ್ಟದ್ದನ್ನೂ ಹೇಳಿದೆ. ಡಾಕ್ಟರಮ್ಮ ತಲೆ ತಗ್ಗಿಸಿ, ಫಾರಂ ಬದಲಾಯಿಸುತ್ತೇವೆ ಎಂದರು. ಗೂಡು ಕಾಯುವ ಹೆಂಗಸು ಎದ್ದು ಹೊರಗೆ ಹೋದಳು. ಆಮೇಲೆ ಹಿಂದಿನ ಬೆಂಚಿನವನು ಕೇಳಿದ: "ಎಲ್ಲ ಸರಿ, ಸುಳ್ಳು ಹೇಳದಿದ್ರೆ ಹೆಬ್ಬೆಟ್ಟು ಯಾಕೆ ಒತ್ತಿದ್ಲು?"

ಗೊಣಗ ಅವನ ಕುತ್ತಿಗೆಪಟ್ಟಿ ಹಿಡಿದ. ಬಿಡಿಸಿದರು. ಆದರೆ ಮಾತು ಆಡಿ ಆಗಿತ್ತು. ಸಂಜೆಯೊಳಗೆ ಮೂರು ಊರಲ್ಲೂ ಅದೇ ಮಾತು.

ಅವಳ ಮನೆಗೆ ಯಾರೂ ಹೋಗಿಲ್ಲ. ಹಗೆಯೇನಿಲ್ಲ ಈಗ, ನಾಚಿಕೆ ಅಷ್ಟೇ. ಅವಳ ಬಾಗಿಲು ಕಂಡರೆ ರಸ್ತೆಯ ಆ ಕಡೆಗೆ ದಾಟುತ್ತಾರೆ. ಹಗೆಗಿಂತ ನಾಚಿಕೆಯೇ ಜನರನ್ನು ದೂರ ಇಡುತ್ತದೆಂದು ನನಗೆ ಗೊತ್ತಿರಲಿಲ್ಲ. ಹಾಲಿಗೆ ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದಾರೆ. ಅವಳ ಹತ್ತಿರ ಹಾಲೂ ಇಲ್ಲ.

ನಾನು ಗೇಟಿನ ಕೆಲಸ ಬಿಡುತ್ತೇನೆ ಎಂದೆ. ಡಾಕ್ಟರಮ್ಮ ಬೇಡವೆಂದರು. "ಇನ್ನು ಮುಂದೆ ನಿಮ್ಮಷ್ಟು ಸರಿಯಾಗಿ ಕೇಳೋರು ಯಾರೂ ಸಿಗಲ್ಲ" ಎಂದರು. ಅದು ಹೊಗಳಿಕೆಯೋ ಶಿಕ್ಷೆಯೋ ತಿಳಿಯಲಿಲ್ಲ. ಹೋಗುತ್ತಿದ್ದೇನೆ. ಹದಿನೆಂಟು ಉಳಿದಿವೆ. ಕಟ್ಟೆಯ ಮೇಲೆ ಇಳಿದಾಗ ನಾನು ಕಿಟಕಿ ಮುಚ್ಚುತ್ತೇನೆ.

ನೀನು ಬರೆದದ್ದು ಸಣ್ಣದಲ್ಲ, ಅದು ನನಗೆ ಗೊತ್ತು. ಹೆಸರು ಪಟ್ಟಿಯಲ್ಲಿ ಬಂದ ಮೇಲೂ ತೆಗೆಯಬಹುದೆಂದು ನಿಮ್ಮ ಭಾವ ಹೇಳಿದರು. ತೆಗೆದರೆ ತೆಗೆಯಲಿ, ಇಲ್ಲೊಂದು ತುತ್ತು ಅನ್ನ ಇದೆ. ನನ್ನಲ್ಲಿ ಕ್ಷಮೆ ಕೇಳಿದ್ದೀಯ. ನಿನ್ನನ್ನು ಕ್ಷಮಿಸಲು ನಾನು ಯಾರು? ನಾನೂ ನಿನ್ನ ಪಕ್ಕದಲ್ಲೇ ನಿಂತವಳು.

ನಿನ್ನ ಕ್ಷಮೆಯನ್ನು ಅಜ್ಜಿಗೆ ತಿಳಿಸು ಎಂದು ಬರೆದಿದ್ದೀಯ. ತಿಳಿಸುವುದಿಲ್ಲ. ನಾಲ್ಕು ತಿಂಗಳು ಅವಳ ವಿಷಯವನ್ನೆಲ್ಲ ಬೇರೆಯವರೇ ಬೇರೆಯವರಿಗೆ ತಿಳಿಸಿದ್ದಾರೆ. ಅವಳಿಗೆ ಓದಲು ಬರುವುದಿಲ್ಲ. ಈಗಂತೂ ಕಾಗದ ಕಂಡರೆ ಕೈ ಮುಚ್ಚಿಟ್ಟುಕೊಳ್ಳುತ್ತಾಳೆ.

ಇನ್ನು ಕಾಗದ ಬರೆಯಬೇಡ. ಬಾ.

ಅಕ್ಕ